ಮಡಚಿಟ್ಟ ಮೀನು

ಜುಲೈ 7, ಕರುಂಬಾ

ಮೀನು ಸಿಕ್ಕಿತು. ಹೀಗೆ ಎರಡೇ ಪದದಲ್ಲಿ ಬರೆದು ಮುಗಿಸಿದರೆ ನನ್ನ ಗಂಡ ಟ್ರೆವರನ ಜೀವ ಒದ್ದಾಡಿಬಿಡುತ್ತದೆ. ಆದ್ದರಿಂದ ಪೂರ್ತಿ ಬರೆಯುತ್ತೇನೆ.

ಬೆಳಿಗ್ಗೆ ನದಿ ದಡದಲ್ಲಿ ನಾವಿಬ್ಬರೇ ಇದ್ದೆವು. ಉಂಡು ಮಲಗಿ ಊರೂರು ಸುತ್ತುವ ನಮ್ಮ ಕ್ಯಾಂಪರ್ ಗಾಡಿಯೊಳಗಿನ ಫ್ರಿಜ್ಜು ಮತ್ತೆ ಕೀಂ ಕೀಂ ಎಂದು ಅರಚಿಕೊಂಡಿತು. ಮನೆ ಬಿಟ್ಟಾಗಿನಿಂದ ಅದರದು ಇದೇ ರಗಳೆ. ಕರೆಂಟು ಸಾಲದು ಎಂದು ಕೂಗಿ ಕೂಗಿ ಆರಿಹೋಗುತ್ತದೆ. "ಗ್ಲೆನಿಸ್, ಇದನ್ನೊಂಚೂರು ಹಿಡ್ಕೊ, ಆ ಮುಂಡೇದರ ಬಾಯಿ ಮುಚ್ಚಿಸಿ ಬರ್ತೀನಿ" ಎಂದು ಗಾಳವನ್ನು ನನ್ನ ಕೈಗೆ ಕೊಟ್ಟು ಟ್ರೆವರ್ ಹೋದ. ಅವನು ಅತ್ತ ಹೋಗಿದ್ದೇ ತಡ, ಇತ್ತ ಯಾರೋ ನನ್ನ ತೋಳು ಕಿತ್ತುಕೊಂಡು ಓಡುತ್ತಿರುವ ಹಾಗಾಯಿತು. ನಾನು ನಲವತ್ತು ವರ್ಷ ಕತ್ತರಿ ಬಾಚಣಿಗೆ ಹಿಡಿದು ಊರಿನವರ ತಲೆಗೂದಲು ಎಳೆದವಳು. ಎಳೆದಾಟದಲ್ಲಿ ಬಿಟ್ಟುಕೊಟ್ಟು ಅಭ್ಯಾಸವಿಲ್ಲ. ಅವನು ವಾಪಸ್ ಬರುವ ಹೊತ್ತಿಗೆ ಬ್ಯಾರಮಂಡಿ ಮೀನು ಕೆಸರಿನ ಮೇಲೆ ಬಾಲ ಬಡಿಯುತ್ತಿತ್ತು, ನಾನು ಅದರ ಪಕ್ಕದಲ್ಲಿ ಕುಂಡಿ ಊರಿ ಕೂತಿದ್ದೆ.

"ಮೀಟರ್! ಮೀಟರ್ ಮೇಲೇ ಇದೆ ಕಣೇ!" ಎಂದು ಅವನು ಕುಣಿದ. ಈ ಕಡೆ ಮೀಟರ್ ಉದ್ದದ ಬ್ಯಾರಮಂಡಿ ಹಿಡಿದವನಿಗೆ ಸಿಗುವ ಮರ್ಯಾದೆ ಮಂತ್ರಿಗೂ ಸಿಗುವುದಿಲ್ಲ. ಅಳೆಯೋಣವೆಂದರೆ ಟೇಪಿಲ್ಲ. ಫೋಟೊ ತೆಗೆಯೋಣವೆಂದರೆ ಗಾಡಿಯಲ್ಲಿ ಕರೆಂಟಿಲ್ಲದೆ ಇಬ್ಬರ ಫೋನೂ ಸತ್ತು ಬಿದ್ದಿದ್ದವು. ಬಿಸಿಲೇರುತ್ತಿತ್ತು. ಕರುಳು ತೆಗೆದು, ಕ್ಯಾಂಪಿಗೆ ಓಡಿ, ಗಾಡಿಯನ್ನು ಅಲ್ಲಿನ ಕರೆಂಟಿಗೆ ಸಿಕ್ಕಿಸಿ, ಮೀನನ್ನು ಅದೇ ಫ್ರಿಜ್ಜಿನ ಫ್ರೀಜರಿಗೆ ಹಾಕಲು ಹೋದರೆ ಅದು ಹಿಡಿಸಲಿಲ್ಲ. ತಲೆಯನ್ನೂ ಬಾಲವನ್ನೂ ಕೂಡಿಸಿ, ಬಳೆಯ ಹಾಗೆ ಮಡಚಿ ತುರುಕಿ, ಟ್ರೆವರ್ ಮುಚ್ಚಳದ ಮೇಲೆ ಕೂತು ಮುಚ್ಚಿದ.

ಅಷ್ಟರಲ್ಲಾಗಲೇ 'ನಮಗೆ ಸಿಕ್ಕಿದ ಮೀನು' ಅವನ ಬಾಯಲ್ಲಿ 'ನಾನು ಹಿಡಿದ ಮೀನು' ಆಗಿತ್ತು. ಇರಲಿ ಬಿಡು. ತನ್ನ ಬಣ್ಣದ ಅಂಗಡಿ ಮುಚ್ಚಿದ ಮೇಲೆ ಅವನು ಶಿಳ್ಳೆ ಹಾಕಿದ್ದನ್ನು ನಾನು ಕೇಳಿರಲಿಲ್ಲ. ಇವತ್ತು ತಟ್ಟೆ ತೊಳೆಯುತ್ತ ಹಾಕಿದ.

ಜುಲೈ 9, ಕರುಂಬಾ

ಮೀನು ಕಲ್ಲಾಗಿದೆ. ಟ್ರೆವರ್ ಅದರ ಫೋಟೊ ತೆಗೆದು ಡಬ್ಬೋದಲ್ಲಿರುವ ಅಣ್ಣ ಮರ್ವನಿಗೆ ಕಳಿಸಿದ. ಉತ್ತರ ಬಂತು: "ಇದ್ಯಾವ ಸೈಕಲ್ ಟೈರು?"

ಟ್ರೆವರ್ ಹುಡುಗನಾಗಿದ್ದಾಗ ಒಂದು ದಿನ, ದೊಡ್ಡ ಮೀನು ಹಿಡಿದೆ, ಕೈ ಜಾರಿ ನೀರಿಗೆ ಹೋಯಿತು ಎಂದು ಅಳುತ್ತ ಮನೆಗೆ ಬಂದನಂತೆ. ಅವತ್ತಿನಿಂದ ಆ ಮನೆಯಲ್ಲಿ ಯಾರು ಬುರುಡೆ ಬಿಟ್ಟರೂ ಅದಕ್ಕೆ ಹೆಸರು 'ಟ್ರೆವರನ ಮೀನು'. ಪ್ರತಿ ಕ್ರಿಸ್‌ಮಸ್ ಊಟಕ್ಕೂ ಮರ್ವ್ ಆ ಕಥೆಯನ್ನು ಬಡಿಸುತ್ತಾನೆ. ಈಗ ಮೊಮ್ಮಕ್ಕಳೂ ಕಲಿತಿವೆ. ಪಕ್ಕದಲ್ಲಿ ದೊಡ್ಡ ಮಳಿಗೆ ಬರ್ತಿದೆ, ನನ್ನ ಅಂಗಡಿ ಉಳಿಯಲ್ಲ ಎಂದು ಟ್ರೆವರ್ ಹೇಳಿದಾಗಲೂ ಮರ್ವ್ ನಕ್ಕು, 'ಟ್ರೆವರನ ಮೀನು' ಎಂದಿದ್ದ. ಅವತ್ತು ಮಾತ್ರ ನನಗೆ ಅವನ ತಲೆ ಬೋಳಿಸಿಬಿಡಬೇಕು ಅನ್ನಿಸಿತ್ತು.

ಇಪ್ಪತ್ತನೇ ತಾರೀಕು ಮರ್ವನಿಗೆ ಎಂಬತ್ತು ತುಂಬುತ್ತದೆ. ಮನೆಮಂದಿಯೆಲ್ಲ ಸೇರುತ್ತಾರೆ. "ಅವನ ಮೇಜಿನ ಮೇಲೇ ಇಡ್ತೀನಿ. ಅವನ ಟೇಪಲ್ಲೇ ಅಳೀಲಿ" ಎನ್ನುತ್ತಾನೆ ಟ್ರೆವರ್. ಡಬ್ಬೋಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಇಲ್ಲಿ ಕರೆಂಟಿರುವ ಜಾಗ ನಾಳೆಯಿಂದ ಬೇರೆಯವರಿಗೆ. ನಮ್ಮ ದೇಶದಲ್ಲಿ ಜುಲೈ ಅಂದರೆ ಚಳಿಗಾಲವಲ್ಲವೇ, ದಕ್ಷಿಣದ ಮುದುಕರೆಲ್ಲ ಗಾಡಿ ಕಟ್ಟಿಕೊಂಡು ಬೆಚ್ಚಗಿರುವ ಉತ್ತರಕ್ಕೆ ಬಂದು ಬಿದ್ದಿದ್ದಾರೆ. ದಾರಿಯುದ್ದಕ್ಕೂ ಎಲ್ಲ ಭರ್ತಿಯಂತೆ. ಇನ್ನು ನಮ್ಮ ಬ್ಯಾಟರಿಯೇ ಗತಿ.

ತುಂಡು ಮಾಡಿ ಹುರಿದು ತಿನ್ನೋಣ ಎಂದೆ. ಕೊಲೆಗಾರ್ತಿಯನ್ನು ನೋಡಿದ ಹಾಗೆ ನೋಡಿದ. ಸುಮ್ಮನಾದೆ. ಬ್ಯಾಟರಿ, ವೈರು, ಸ್ಟೇರಿಂಗು ಅವನ ಇಲಾಖೆ. ನನ್ನದು ಟೀ ಮತ್ತು ಮೌನ. ಟೀ ಸುಲಭ.

ಜುಲೈ 11, ಕ್ಲೊಂಕರಿ

ಈ ಗಾಡಿ ಜನ ಎಂಥವರೆಂದರೆ, ಒಬ್ಬ ಬಾನೆಟ್ ಎತ್ತಿದರೆ ಸಾಕು, ಒಂದು ಕಾಗೆ ಕೂಗಿದ ಹಾಗೆ ಮಿಕ್ಕವರೆಲ್ಲ ಬಂದು ಇಳಿಯುತ್ತಾರೆ. ಸಂಜೆಯಾದರೆ ತಮ್ಮ ತಮ್ಮ ಕುರ್ಚಿ, ತಮ್ಮ ತಮ್ಮ ಬಿಯರು ಹಿಡಿದು ದುಂಡಗೆ ಕೂರುವುದು ಬೇರೆ. ನನಗೆ ಅದು ಆಗಿಬರುವುದಿಲ್ಲ. ಅದೇ ಮಂಡಿನೋವು, ಅದೇ ಟೈರು. ನಾನು ಒಳಗೇ ಇರುತ್ತೇನೆ.

ಇವತ್ತು ಟ್ರೆವರ್ ಬ್ಯಾಟರಿ ಹೊರತೆಗೆದದ್ದೇ ತಡ, ಸುತ್ತ ಸಂತೆ ನೆರೆಯಿತು. ಲಿಂಡ್ಸೆ ಎಂಬವನು ಮೊದಲು ದನದ ಡಾಕ್ಟರ್ ಆಗಿದ್ದನಂತೆ. ಬ್ಯಾಟರಿಗೆ ಬೆರಳಿಂದ ತಟ್ಟಿ, ಕಿವಿಗೊಟ್ಟು, "ಮುಗೀತು ಗುರು. ಇನ್ನು ಇದಕ್ಕೆ ಹಿಂಸೆ ಕೊಡಬೇಡ" ಎಂದ. ವೈರು ಸಣ್ಣದು ಎಂದ ಇನ್ನೊಬ್ಬ. ಫ್ಯೂಸು ಎಂದ ಮತ್ತೊಬ್ಬ. ಲಿಫ್ಟ್ ರಿಪೇರಿ ಮಾಡುತ್ತಿದ್ದ ಹೆಂಕ್ ಕೂಡ ಬಾಯಿ ತೆರೆದ. ಅವನು ನಿಧಾನದ ಮನುಷ್ಯ. ಮೊದಲ ಪದ ಆಚೆ ಬರುವಷ್ಟರಲ್ಲಿ ಉಳಿದವರು ಬೇರೊಂದು ಜಗಳ ಶುರುಮಾಡಿದ್ದರು.

ಟೀ ಕೊಡಲು ಹೋದ ನಾನು ನೋಡುತ್ತೇನೆ, ನೆಲದ ಮೇಲೆ ಬಿಚ್ಚಿಟ್ಟ ಸೋಲಾರ್ ಹಲಗೆಯ ಸುತ್ತ ನಿಂತು, 'ಇದ್ಯಾಕೆ ಬಿಸಿಲು ಹಿಡೀತಿಲ್ಲ' ಎಂದು ತಲೆ ಕೆರೆದುಕೊಳ್ಳುತ್ತಿರುವ ಅಷ್ಟೂ ಜನರ ನೆರಳು ಆ ಹಲಗೆಯ ಮೇಲೇ ಬಿದ್ದಿದೆ!

"ಎಲ್ಲಾ ಆ ಕಡೆ ಸರೀರಪ್ಪ" ಎಂದೆ.

"ಯಾಕಮ್ಮ?" ಎಂದ ಲಿಂಡ್ಸೆ.

"ಮಧ್ಯಾಹ್ನದಿಂದ ಸೂರ್ಯ ನಿಮ್ಮ ಬೆನ್ನು ಚಾರ್ಜ್ ಮಾಡ್ತಿದಾನೆ, ಅದಕ್ಕೆ."

ಸರಿದರು. ಕರೆಂಟು ಅಳೆಯುವ ಮೀಟರು ಏರಿತು. ಸಂಜೆ ದುಂಡಗೆ ಕೂತು, ಹಲಗೆಯ ಧೂಳು ಒರೆಸಿದ್ದರಿಂದ ಸರಿಹೋಯಿತು ಎಂದು ಒಮ್ಮತದಿಂದ ತೀರ್ಮಾನಿಸಿದರು.

ಜುಲೈ 12

ಸರಿಹೋಗಿಲ್ಲ. ಮೀಟರನ್ನು ಬ್ಯಾಟರಿಗೆ ಇಟ್ಟರೆ ಹೊಟ್ಟೆ ತುಂಬಿದೆ ಎನ್ನುತ್ತದೆ. ಫ್ರಿಜ್ಜು ಉಪವಾಸ ಎಂದು ಅರಚುತ್ತದೆ. ಎರಡರ ನಡುವೆ ಎರಡು ಮಾರು ವೈರು. ನನ್ನ ಅತ್ತೆಯೂ ನಾದಿನಿಯೂ ಹೀಗೇ ಇದ್ದರು.

ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ.

ಜುಲೈ 13, ವಿಂಟನ್

ಫ್ರಿಜ್ಜು ಅರಚಿದ ಕೂಡಲೇ ಆರಿಸಿ ಹಾಕಲು ಒಬ್ಬರು ಅದರ ಪಕ್ಕದಲ್ಲೇ ಇರಬೇಕು. ಟ್ರೆವರ್ ಅಲ್ಲಿಂದ ಏಳುವುದಿಲ್ಲ ಎಂದ. ಹಾಗಾದರೆ ಗಾಡಿ ಓಡಿಸುವವರು ಯಾರು? ಇವತ್ತಿನವರೆಗೆ ನಾನು ಈ ಗಾಡಿಯ ಸ್ಟೇರಿಂಗ್ ಮುಟ್ಟಿದವಳಲ್ಲ. ಮೊದಲು ದೇವರನ್ನು ನೆನೆದೆ. ಆಮೇಲೆ ಎದುರು ಬಂದ ದನದ ಲಾರಿಯವನನ್ನು ಬೈದೆ. ಆಮೇಲೆ ಸಲೀಸಾಯಿತು.

ದಾರಿಯಲ್ಲಿ ಗಾಡಿಯವರೆಲ್ಲ ಮಾತಾಡಿಕೊಳ್ಳುವ ರೇಡಿಯೋ ಕರಕರ ಎಂದಿತು. "ಮಡಚಿದ ಮೀನಿನ ಗಾಡಿಯವರು ಇದೀರಾ? ಹೇಗಿದೆ ಈಗ?" ಯಾರೋ ಹೆಂಗಸು, ಮುಖ ಕಂಡವಳಲ್ಲ.

"ಬೆಳಿಗ್ಗೆಯಿಂದ ಸ್ವಲ್ಪ ಮೆತ್ತಗಿದೆ" ಎಂದೆ.

"ಮೈ ಬೆಚ್ಚಗಿದ್ಯಾ?"

"ಹೊಟ್ಟೆ ಹತ್ರ ಮಾತ್ರ."

"ಅಯ್ಯೋ ಪಾಪ. ನೀವು ಧೈರ್ಯವಾಗಿರಿ. ನಿಮ್ಮ ಊಟ ಬಿಡಬೇಡಿ."

ಸಂಜೆ ಆಸ್ಪತ್ರೆಗೆ ಹಣ್ಣು ತರುವ ಹಾಗೆ ಒಬ್ಬೊಬ್ಬರೂ ಐಸ್ ಚೀಲ ಹಿಡಿದು ಬಂದರು. ಲಿಂಡ್ಸೆ, ಹೆಂಕ್ ಕೂಡ ಇದೇ ದಾರಿಗೆ ಬಿದ್ದಿದ್ದಾರೆ. ನಮ್ಮ ಹಿಂದೆ ಯಾಕೆ ಬರ್ತಿದೀರಿ ಎಂದರೆ, "ಹಿಂಗೆ ಬಿಟ್ಟು ಹೋಗೋಕಾಗುತ್ತಾ?" ಎಂದು ಲಿಂಡ್ಸೆ ನನ್ನನ್ನೇ ಗದರಿಸಿದ.

ಜುಲೈ 15, ಬಾರ್ಕಲ್ಡೀನ್

ಮಂಜುಗಡ್ಡೆ ಕರಗುತ್ತಿದೆ. ಬಾಲ ಬಗ್ಗುತ್ತದೆ. ಮರ್ವ್ ಫೋನ್ ಮಾಡಿದ. "ಏನಪ್ಪಾ, ಈ ಸಲಾನೂ ಕೈ ಜಾರಿ ಹೋಯ್ತಾ?" ಅವನ ಹಿಂದೆ ಯಾರೋ ನಕ್ಕದ್ದು ನನಗೂ ಕೇಳಿಸಿತು.

ಟ್ರೆವರ್ ಫೋನ್ ಇಟ್ಟ. ಊಟ ಬೇಡ ಎಂದ. ಗೋಡೆ ಕಡೆ ತಿರುಗಿ ಮಲಗಿದ.

ಆ ಬೆನ್ನು ನನಗೆ ಗೊತ್ತು. ಅಂಗಡಿ ಮುಚ್ಚಿದ ಮೇಲೆ ಒಂದಿಡೀ ವರ್ಷ ಅದನ್ನೇ ನೋಡಿದ್ದೇನೆ. ಬಾಗಿಲು, ಬೇಲಿ, ಟಪಾಲು ಡಬ್ಬಿ, ಸುಮ್ಮನೆ ನಿಂತ ಎಲ್ಲದಕ್ಕೂ ಬಣ್ಣ ಬಳಿದು, ಬಳಿಯಲು ಏನೂ ಉಳಿಯದಾದಾಗ ಹೀಗೇ ಗೋಡೆ ನೋಡುತ್ತ ಮಲಗಿದ್ದ. ನನಗೆ ಭಯವಾಗುತ್ತದೆ. ಆ ಬೆನ್ನಿನ ಜೊತೆ ಇನ್ನೊಂದು ವರ್ಷ ಬಾಳಲು ನನ್ನಿಂದ ಆಗದು. ಮೀನು ಹಾಳಾಗಿ ಹೋಗಲಿ, ಮರ್ವನೂ ಹಾಳಾಗಿ ಹೋಗಲಿ. ನನಗೆ ಆ ಶಿಳ್ಳೆ ಬೇಕು.

ಜುಲೈ 16, ಟಾಂಬೊ

ಐಸು ತಂದವರ ಋಣ ಇಟ್ಟುಕೊಳ್ಳಬಾರದು ಎಂದು ಮಧ್ಯಾಹ್ನ ಕುರ್ಚಿ ಹಾಕಿ ಎಲ್ಲರ ಕೂದಲು ಕತ್ತರಿಸಿದೆ. ಕೈ ಸುಮ್ಮನಿರಲಿಲ್ಲ, ಬಾಯಿಯೂ ಸುಮ್ಮನಿರಲಿಲ್ಲ. ಬ್ಯಾಟರಿ ಎಂದರೇನು, ವೋಲ್ಟ್ ಎಂದರೇನು, ಮೀಟರಿನ ಎರಡು ಕಡ್ಡಿ ಎಲ್ಲಿಡಬೇಕು, ಒಂದೊಂದೇ ಕೇಳಿದೆ. ದುಂಡಗೆ ಕೂತಾಗ ಇವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಾರೆ. ಕತ್ತರಿ ಕಿವಿಯ ಹತ್ತಿರ ಇದ್ದಾಗ ಮಾತ್ರ ಯಾವ ಗಂಡಸೂ ಬುರುಡೆ ಬಿಡುವುದಿಲ್ಲ.

ಕೊನೆಗೆ ಹೆಂಕ್ ಬಂದು ಕೂತ. ಹಿಂದಿನ ಕೂದಲು ಮುಗಿಯುವವರೆಗೆ ಮಾತಿಲ್ಲ. ಪಕ್ಕದ್ದು ಶುರುಮಾಡಿದಾಗ, "ಎಲ್ರೂ ಕೆಂಪು ವೈರ್ ನೋಡ್ತಿದಾರೆ" ಎಂದ.

"ಮತ್ತೆ?"

"ಅದು ಹೋಗೋ ದಾರಿ."

ಕಾದೆ. ಇನ್ನೊಂದು ಕಿವಿಯ ಕಡೆಗೆ ಬಂದೆ.

"ಬರೋ ದಾರಿ ಯಾರು ನೋಡಿದ್ರು? ಲಿಫ್ಟ್ ಮೇಲೆ ಹೋದ್ರೆ ಕೆಳಗೆ ಬರಬೇಕಲ್ಲಮ್ಮ. ಕರೆಂಟೂ ಹಂಗೇ. ಫ್ರಿಜ್ಜಿಗೆ ಹೋಗಿ, ಗಾಡಿ ಕಬ್ಬಿಣಕ್ಕಿಳಿದು, ಕಪ್ಪು ವೈರಲ್ಲಿ ಬ್ಯಾಟರಿಗೆ ವಾಪಸ್ ಬರಬೇಕು. ಬರೋ ದಾರೀಲಿ ಏನಾದ್ರೂ ಅಡ್ಡ ಇದ್ರೆ ಹೋಗೋದೂ ನಿಲ್ಲುತ್ತೆ."

"ಇದನ್ನ ಕ್ಲೊಂಕರೀಲೇ ಹೇಳಬಾರದಿತ್ತಾ?"

"ಹೇಳ್ತಾ ಇದ್ದೆ" ಎಂದ ಹೆಂಕ್.

ಜುಲೈ 17, ಟಾಂಬೊ

ಬೆಳಿಗ್ಗೆ ಟ್ರೆವರ್ ಏಳಲಿಲ್ಲ. ನಾನೇ ಅವನ ಹಳೇ ಪ್ಯಾಂಟು ಏರಿಸಿಕೊಂಡು ಗಾಡಿಯ ಕೆಳಗೆ ನುಗ್ಗಿದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಕಪ್ಪು ತುದಿಗೆ, ಇನ್ನೊಂದನ್ನು ಗಾಡಿಯ ಬರಿಯ ಕಬ್ಬಿಣಕ್ಕೆ ಇಟ್ಟೆ. ದಾರಿ ಸರಿಯಿದ್ದರೆ ಸೊನ್ನೆ ಬರಬೇಕು ಎಂದಿದ್ದ ಹೆಂಕ್. ಸೊನ್ನೆ ಬರಲಿಲ್ಲ. ಸಿಕ್ಕುಗಟ್ಟಿದ ಜಡೆಯಲ್ಲಿ ಒಂದೇ ಎಳೆ ಹಿಡಿದು ಹೋಗುವ ಹಾಗೆ ಕಪ್ಪು ವೈರನ್ನು ಹಿಡಿದು ಹೋದೆ. ಅದು ಒಂದು ಬೋಲ್ಟಿನಲ್ಲಿ ಮುಗಿಯಿತು. ಬೋಲ್ಟು ಮುಟ್ಟಿದರೆ ಬಿಸಿ. ಸುತ್ತ ಕಡು ಹಸಿರು ಬಣ್ಣ, ಕನ್ನಡಿಯಂಥ ನುಣುಪು.

ನೋಡಿದ ಕೂಡಲೇ ಗೊತ್ತಾಯಿತು. ಮನೆಯಿಂದ ಹೊರಡುವ ಮುಂಚೆ ಟ್ರೆವರ್ ಬಣ್ಣದ ಡಬ್ಬಿ ಹಿಡಿದು ಈ ಗಾಡಿಯ ಕೆಳಗೇ ವಾಸವಿದ್ದ.

"ಟ್ರೆವ್! ಈ ವೈರಿನ ಬೋಲ್ಟ್ ಕೆಳಗೂ ಬಣ್ಣ ಹೊಡ್ದಿದೀಯಾ?"

ಕಿಟಕಿಯಿಂದ ತಲೆ ಹೊರಬಂತು. "ಮತ್ತೆ? ಬಿಚ್ಚಿ, ಉಜ್ಜಿ, ಪ್ರೈಮರ್ ಹಾಕಿ, ಮೂರು ಕೋಟ್ ಕೊಟ್ಟು, ಒಣಗಿದ ಮೇಲೆ ಬಿಗಿದಿದೀನಿ. ಯಾವ ನನ್ಮಗ ಅಷ್ಟು ನೀಟಾಗಿ ಮಾಡ್ತಾನೆ?"

"ಯಾರೂ ಮಾಡಲ್ಲ. ಅದಕ್ಕೇ ಬೇರೆ ಯಾರ ಫ್ರಿಜ್ಜೂ ಅರಚಲ್ಲ."

ಬಣ್ಣ ಕಬ್ಬಿಣಕ್ಕೂ ವೈರಿಗೂ ನಡುವೆ ಗೋಡೆಯ ಹಾಗೆ ಕೂತಿತ್ತು. ಸುದ್ದಿ ತಿಳಿದು ಲಿಂಡ್ಸೆ ಗ್ರೈಂಡರ್ ತರಲು ಓಡಿದ, ಇನ್ನೊಬ್ಬ ಸುತ್ತಿಗೆ ತಂದ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ಬ್ಯಾಟರಿಯ ವೈರು ಬಿಚ್ಚಿ, ನನ್ನ ಕೈಚೀಲದಲ್ಲಿದ್ದ ಉಗುರು ಉಜ್ಜುವ ಅರದಿಂದಲೇ ಕಬ್ಬಿಣ ಬೆಳ್ಳಗಾಗುವವರೆಗೆ ಉಜ್ಜಿ, ಬಿಗಿದು, ಎಲ್ಲ ಮತ್ತೆ ಜೋಡಿಸಿದೆ. ಫ್ರಿಜ್ಜು ಗುರ್ ಎಂದು ಶುರುವಾಯಿತು. ಅರಚಲಿಲ್ಲ. ಫೋನುಗಳೂ ಚಾರ್ಜಾಗತೊಡಗಿದವು. ಎಲ್ಲರೂ ಚಪ್ಪಾಳೆ ತಟ್ಟಿದರು.

ಟ್ರೆವರ್ ಮಾತ್ರ ನಿಂತೇ ಇದ್ದ. "ಹಾಳು ಮಾಡಿದ್ದು ನಾನೇನಾ?"

"ಬಣ್ಣ ಚೆನ್ನಾಗಿ ಹಿಡಿದಿದೆ ಟ್ರೆವ್. ಅಷ್ಟೇ."

ಆಮೇಲೆ ಮುಚ್ಚಳ ತೆಗೆದೆವು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ. ಬಳೆ ಸಡಿಲವಾಗಿ, ಮೀನು ನೀರಿನಲ್ಲಿ ಒರಗಿತ್ತು. ಲಿಂಡ್ಸೆ ಅದರ ಕಿವಿರು ಎತ್ತಿ ಮೂಸಿದ. "ಇವತ್ತು ತಿನ್ನಬಹುದು. ನಾಳೆ ಹೂಳಬೇಕು."

ಆಗ ಹೆಂಕ್ ಬಾಯಿ ತೆರೆದ. ಇದೇ ಮೊದಲ ಸಲ ಎಲ್ಲರೂ ಕಾದರು.

"ಅಲ್ಲಾ... ಗಟ್ಟಿಯಾಗಿ ಬಳೆ ಥರ ಇದ್ದಿದ್ರೆ... ಮರ್ವ್ ಅದನ್ನ ಹೆಂಗೆ ಅಳೀತಿದ್ದ?"

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟು ದೂರದಿಂದ ನಾವು ಜೀವ ಹಿಡಿದು ಕಾಯುತ್ತ ಬಂದ ಸಾಕ್ಷಿ ಕರಗಿದರೆ ಮಾತ್ರ ಸಾಕ್ಷಿ! ನನಗೆ ನಗು ತಡೆಯಲಾಗಲಿಲ್ಲ. ಟ್ರೆವರ್ ನನ್ನನ್ನು ನೋಡಿ, ಸ್ವಲ್ಪ ಹೊತ್ತಿನ ಮೇಲೆ ತಾನೂ ನಕ್ಕ. "ಮರ್ವನಿಗೆ ಫೋನ್ ಹಚ್ಚು" ಎಂದ.

ಎರಡು ಮಡಚುವ ಮೇಜು ಕೂಡಿಸಿ ಮೀನನ್ನು ನೇರ ಮಲಗಿಸಿದೆವು. ಲಿಂಡ್ಸೆ ಕರುಗಳನ್ನು ಅಳೆಯುತ್ತಿದ್ದ ಟೇಪು ತಂದ. ಫೋನಿನ ಪರದೆಯಲ್ಲಿ ಮರ್ವನ ಮೂಗು, ಹಿಂದೆ ಕನ್ನಡಕ. "ಎಷ್ಟು ಬಂತೋ? ಬೇಗ ಹೇಳು, ಟೀ ಆರುತ್ತೆ."

ಟೇಪು ತೊಂಬತ್ತೊಂಬತ್ತು ಸೆಂಟಿಯಲ್ಲಿ ನಿಂತಿತು. ಲಿಂಡ್ಸೆ ಬಾಲವನ್ನು ಹಿಂಡಿದ. ಇನ್ನೊಬ್ಬ ಮೂತಿ ಎಳೆದ. ತೊಂಬತ್ತೊಂಬತ್ತೇ. "ಮೀಟರ್ ಅಂತ ಹೇಳು ಮಾರಾಯ, ನಾವೆಲ್ಲ ಸಾಕ್ಷಿ ಇದೀವಿ" ಎಂದು ಲಿಂಡ್ಸೆ ಟ್ರೆವರನ ಕಿವಿಯಲ್ಲಿ ಹೇಳಿದ್ದು ಕ್ಯಾಂಪಿಗೆಲ್ಲ ಕೇಳಿಸಿತು. ಟ್ರೆವರ್ ಬಗ್ಗಿ ಟೇಪನ್ನು ಮತ್ತೊಮ್ಮೆ ನೋಡಿದ. ಮೀಟರ್ ಅಂದುಬಿಡು ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ.

"ತೊಂಬತ್ತೊಂಬತ್ತು" ಎಂದ ಟ್ರೆವರ್. "ಮತ್ತೆ ಮರ್ವ್, ಹಿಡಿದದ್ದು ನಾನಲ್ಲ. ಫ್ರಿಜ್ ನೋಡೋಕೆ ಹೋಗಿದ್ದೆ. ಗ್ಲೆನಿಸ್ ಹಿಡಿದಳು. ವೈರ್ ರಿಪೇರಿ ಮಾಡಿದ್ದೂ ಅವಳೇ. ನಾನು ಮಾಡಿದ್ದು ಬಣ್ಣ ಹೊಡೆದದ್ದು ಮಾತ್ರ."

ಮರ್ವ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ಮೀಟರ್ ಅಂದಿದ್ರೆ ನಗ್ತಿದ್ದೆ. ತೊಂಬತ್ತೊಂಬತ್ತು ಅಂತ ಬುರುಡೆ ಬಿಡೋನು ಭೂಮಿ ಮೇಲೆ ಹುಟ್ಟಿಲ್ಲ ಕಣೋ" ಎಂದ. ಟೀ ಲೋಟ ಬದಿಗಿಟ್ಟ. "ಹಂಗಾದ್ರೆ, ಆಗಿಂದೂ ನಿಜಾನೇನೋ? ಚಿಕ್ಕೋನಿದ್ದಾಗಿಂದು?"

"ನಿಜ ಕಣೋ ಅಣ್ಣಾ."

"ಎಷ್ಟಿತ್ತು?"

ಟ್ರೆವರ್ ಎರಡು ಕೈ ಎತ್ತಿ ತೋರಿಸಿದ. ಮೊಳದಷ್ಟೂ ಇರಲಿಲ್ಲ. "ಇಷ್ಟೇ. ಆಗ ನಂಗೆ ದೊಡ್ಡದಾಗಿ ಕಂಡಿತ್ತು."

ನನಗೆ ಅಳು ಬಂತು. ಈರುಳ್ಳಿ ಹೆಚ್ಚಲು ಹೋದೆ. ಬೆಣ್ಣೆ, ನಿಂಬೆಹಣ್ಣು ಹಾಕಿ ದೊಡ್ಡ ತವೆಯಲ್ಲಿ ಹುರಿದೆವು. ಕ್ಯಾಂಪಿಗೆಲ್ಲ ಸಾಕಾಯಿತು. ನನ್ನ ಕುರ್ಚಿಯನ್ನು ನಾನೇ ಹೊರಗೆ ತಂದು ಎಲ್ಲರೂ ಏಳುವವರೆಗೆ ಕೂತಿದ್ದೆ. ತನ್ನ ಚಾರ್ಜರನ್ನು ಪೂರಾ ತಲೆಕೆಳಗಾಗಿ ಕೂಡಿಸಿದ್ದಾನೆ ಎಂದು ಲಿಂಡ್ಸೆಗೆ ಮನದಟ್ಟು ಮಾಡಲು ಹೊತ್ತು ಹಿಡಿಯಿತು.

ಒಳಗೆ ಟ್ರೆವರ್ ಫ್ರೀಜರ್ ತೊಳೆಯುತ್ತಿದ್ದಾನೆ. ಶಿಳ್ಳೆ ಕೇಳಿಸುತ್ತಿದೆ. ಅಪಸ್ವರ. ಹಾಡಲಿ.

ಜುಲೈ 18

ಗಾಡಿ ನಾನೇ ಓಡಿಸಿದೆ. ರೇಡಿಯೋದಲ್ಲಿ ಇಬ್ಬರು ಮೀನಿಗೆ ಸಂತಾಪ ಹೇಳಿದರು. ದಾರಿ ಬದಿಯಲ್ಲಿ ಒಬ್ಬ ಮುದುಕ ನೀರಿನ ಪಂಪು ಓಡುತ್ತಿಲ್ಲ ಎಂದು ಕೂತಿದ್ದ. "ಬರೋ ದಾರಿ ನೋಡಿದ್ರಾ?" ಎಂದೆ. ನೋಡಿರಲಿಲ್ಲ. ಇಷ್ಟು ಸಣ್ಣ ವಿಷಯವೂ ಈ ಗಂಡಸರಿಗೆ ಗೊತ್ತಿರುವುದಿಲ್ಲವಲ್ಲ!

ರೇಡಿಯೋದಲ್ಲಿ ಸುದ್ದಿ ಕೇಳಿದ್ದ ಆ ಮುದುಕ, ಮೀನು ಎಷ್ಟು ಉದ್ದ ಇತ್ತು ಎಂದು ಕೇಳಿದ. ಮೀಟರ್ ಎಂದೆ. ಒಂದು ಸೆಂಟಿಗೆಲ್ಲ ಯಾರು ಲೆಕ್ಕ ಇಡುತ್ತಾರೆ?

ಜುಲೈ 20, ಡಬ್ಬೋ

ಮರ್ವ್ ನನ್ನನ್ನು ಕೇಕಿನ ಪಕ್ಕದಲ್ಲೇ ಕೂರಿಸಿಕೊಂಡು, "ಹೇಳಮ್ಮ, ಹೆಂಗೆ ಹಿಡಿದೆ?" ಎಂದ. ಹೇಳಿದೆ. ಎಲ್ಲರೂ ಚಮಚ ಕೆಳಗಿಟ್ಟು ಕೇಳಿದರು. ಒಂದು ಮೀಟರ್ ನಾಲ್ಕು ಸೆಂಟಿ ಇತ್ತು ಎಂದೆ. ಮರ್ವ್ ನಗಲು ಶುರುಮಾಡಿದವನು ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದುಕೊಳ್ಳುವವರೆಗೆ ನಕ್ಕ. ಯಾವುದೋ ಮೊಮ್ಮಗು "ಗ್ಲೆನಿಸಜ್ಜಿ ಮೀನು!" ಎಂದು ಕೂಗಿತು, ಮೇಜಿಗೆ ಮೇಜೇ ಬಿದ್ದು ಬಿದ್ದು ನಕ್ಕಿತು.

ಇದರಲ್ಲಿ ನಗುವಂಥದ್ದೇನಿದೆ? ಟ್ರೆವರನ ಕಡೆ ನೋಡಿದೆ. ನೀನಾದರೂ ಹೇಳು ಎಂದೆ. ಅವನು ತಟ್ಟೆ ನೋಡುತ್ತ ಮೆಲ್ಲಗೆ ಶಿಳ್ಳೆ ಹಾಕುತ್ತಿದ್ದ.

ಅಷ್ಟು ದಿನ ಮಡಚಿಟ್ಟು, ನೀರೆಲ್ಲ ಇಳಿದ ಮೇಲೆ ಅಳೆದರೆ ತೊಂಬತ್ತೊಂಬತ್ತೇ ಬರುವುದು. ಅವತ್ತು ಕೆಸರಿನಲ್ಲಿ ಅದರ ಪಕ್ಕ ಕೂತಿದ್ದವಳು ನಾನು. ಹಿಡಿದವಳಿಗೆ ಗೊತ್ತಿರುವುದಿಲ್ಲವೇ? ಸರಿಯಾಗಿ ನೆನಪಿಸಿಕೊಂಡರೆ, ಒಂದು ಮೀಟರ್ ಆರು.